ಕಂಬಳದ ಕೋಣದಲ್ಲಿ ಅಭ್ಯಾಸ, ಕುಬ್ಜ ನೀರಾನೆಯ ಚಿತ್ರ

ಪಿಗ್ಮಿ ಎಂದೊಡನೆ ಉಡುಪಿಯವರಿಗೆ ನೆನಪಾಗುವುದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಆರಂಭಿಸಿದ ದಿನವಹಿ ಉಳಿತಾಯ ಯೋಜನೆ. ಆದರೆ ನಾನು ಹೇಳಹೊರಟ ಪಿಗ್ಮಿ ಹಿಪ್ಪೋ, ಅಂದರೆ ಕುಬ್ಜ ನೀರಾನೆ, ಪಶ್ಚಿಮ ಆಫ್ರಿಕಾದ ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿ ಮತ್ತು ಐವರಿ ಕೋಸ್ಟ್‌ನ ಮಳೆಕಾಡುಗಳಲ್ಲಿ ರಾತ್ರಿಯ ಹೊತ್ತು ಹೆಚ್ಚಾಗಿ ಒಂಟಿಯಾಗಿಯೇ ತಿರುಗುವ ಪ್ರಾಣಿ. ಕಾಡಿನಲ್ಲಿ ಅದನ್ನು ಕಣ್ಣಾರೆ ಕಂಡವರು ವಿರಳವಾದ್ದರಿಂದ, ಅದರ ಚಿತ್ರ ತೆಗೆಯಬಯಸುವ ನಮ್ಮಂಥ ಹವ್ಯಾಸಿ ಛಾಯಾಗ್ರಾಹಕರು ಸಿಂಗಪುರದ ಮೃಗಾಲಯಕ್ಕೋ ಥಾಯ್ಲೆಂಡಿನ ಖಾವೊ ಖಿಯೊ ಮೃಗಾಲಯಕ್ಕೋ ಹೋಗುವುದೇ ಸರಿ.

ಆದರೆ ಅಭ್ಯಾಸವನ್ನು ಊರಿನಲ್ಲಿಯೇ ಮುಗಿಸಿಕೊಳ್ಳಬೇಕು. ಒದ್ದೆಯಾಗಿ ಮಿರುಗುವ ಕಪ್ಪು ಮೈಯ ಚಿತ್ರ ತೆಗೆಯುವುದೇ ಇಲ್ಲಿನ ಮುಖ್ಯ ಕಷ್ಟ. ಅದನ್ನು ಕಲಿಸಲು ಕಂಬಳದ ಕೋಣಕ್ಕಿಂತ ಒಳ್ಳೆಯ ಗುರುವನ್ನು ನಾನು ಕಾಣೆ. ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಓಡುವಾಗಲ್ಲ, ಓಟ ಮುಗಿಸಿದ ಕೋಣಗಳಿಗೆ ನೀರು ಹೊಯ್ಯುವಾಗ, ಅವುಗಳನ್ನು ನೋಡಿಕೊಳ್ಳುವವರ ಅನುಮತಿ ಪಡೆದು ಕ್ಯಾಮೆರಾ ಹಿಡಿಯಿರಿ. ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ಕ್ಯಾಮೆರಾದ ಬೆಳಕಿನ ಮಾಪಕ ಮೋಸಹೋಗಿ ಕಪ್ಪನ್ನು ಬೂದಿಯ ಬಣ್ಣಕ್ಕೆ ಇಳಿಸುತ್ತದೆ, ಬೆನ್ನಿನ ಮೇಲಿನ ಹೊಳಪು ಬರಿಯ ಬಿಳಿಯ ಕಲೆಯಾಗುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್‌ನಷ್ಟು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ) ತಗ್ಗಿಸಿದರೆ ಚರ್ಮದ ಸುಕ್ಕುಗಳು ಉಳಿಯುತ್ತವೆ. ಪೋಲರೈಜರ್ ಫಿಲ್ಟರ್ ನೀರಿನ ಪ್ರತಿಫಲನವನ್ನು ಕಡಿಮೆ ಮಾಡುತ್ತದೆಯಾದರೂ ಬೆಳಕನ್ನೂ ನುಂಗುವುದರಿಂದ, ಮಬ್ಬಿನಲ್ಲಿ ಅದನ್ನು ತೆಗೆದಿಡುವುದು ಲೇಸು.

2024ರ ಜುಲೈ 10ರಂದು ಖಾವೊ ಖಿಯೊದಲ್ಲಿ ಹುಟ್ಟಿದ ಮೂ ಡೆಂಗ್ ಎಂಬ ಮರಿಯನ್ನು ನೋಡಲು ಜನ ಮುಗಿಬಿದ್ದಾಗ, ಅಲ್ಲಿನವರು ವಾರಾಂತ್ಯದಲ್ಲಿ ಒಬ್ಬರಿಗೆ ಐದೇ ನಿಮಿಷ ಎಂದು ಮಿತಿ ಹಾಕಬೇಕಾಯಿತು. ಆದ್ದರಿಂದ ಸರದಿಯಲ್ಲಿ ನಿಂತಾಗಲೇ ಕ್ಯಾಮೆರಾವನ್ನು ಅಣಿಗೊಳಿಸಿ: ಮರಿಯ ಕುಣಿದಾಟಕ್ಕೆ ಸೆಕೆಂಡಿನ 1/500 ಭಾಗದ ಶಟರ್, ಮಲಗಿದ ತಾಯಿಗೆ 1/125 ಸಾಕು. ಗಾಜು ಅಡ್ಡವಿದ್ದರೆ ಲೆನ್ಸಿನ ರಬ್ಬರ್ ಹುಡ್ಡನ್ನು ಅದಕ್ಕೆ ಒತ್ತಿಹಿಡಿಯಿರಿ. ಫ್ಲಾಶ್ ಖಂಡಿತ ಬೇಡ. ಪ್ರಾಣಿಯ ಎತ್ತರ 75ರಿಂದ 100 ಸೆಂಟಿಮೀಟರ್ ಮಾತ್ರವಾದ್ದರಿಂದ, ನಿಂತು ತೆಗೆದ ಚಿತ್ರದಲ್ಲಿ ಬೆನ್ನಷ್ಟೇ ಕಾಣುತ್ತದೆ. ಮಂಡಿಯೂರಿ ಕುಳಿತರೆ ಮುಖ ಸಿಗುತ್ತದೆ.

ಆ ಮುಖದಲ್ಲಿಯೇ ಕಲಿಯಬೇಕಾದದ್ದು ಹೆಚ್ಚಿದೆ. ಹೊಳೆಯಲ್ಲಿ ಹಗಲು ಕಳೆಯುವ ದೊಡ್ಡ ನೀರಾನೆಯ ಕಣ್ಣುಗಳು ನೀರಿನಿಂದ ಮೇಲೆ ಇಣುಕುವಂತೆ ತಲೆಯ ನೆತ್ತಿಯ ಬಳಿ ಇದ್ದರೆ, ನೆಲದ ಮೇಲೆ ಹೆಚ್ಚು ಓಡಾಡುವ ಕುಬ್ಜ ನೀರಾನೆಯ ಕಣ್ಣುಗಳು ಪಕ್ಕಕ್ಕಿವೆ. ಕಾಲ್ಬೆರಳುಗಳು ಹೆಚ್ಚು ಬಿಡಿಯಾಗಿ ಹರಡಿಕೊಂಡಿವೆ. ತೂಕ ಸುಮಾರು 180ರಿಂದ 275 ಕಿಲೋ. ಇದನ್ನು ಕಂಡು ದೊಡ್ಡದರ ಮರಿಯೆಂದು ಬರೆಯುವವರಿದ್ದಾರೆ, ಆದರೆ ಇದು ಬೇರೆಯೇ ಪ್ರಭೇದ. ಕಾಡು ಕಡಿತ ಮತ್ತು ಬೇಟೆಯಿಂದಾಗಿ ಕಾಡಿನಲ್ಲಿ ಬಲಿತ ಪ್ರಾಣಿಗಳು 2,500ಕ್ಕಿಂತ ಕಡಿಮೆ ಉಳಿದಿರಬಹುದೆಂಬುದು ತಜ್ಞರ ಅಂದಾಜು.

ಬಾಯಿ ಅಗಲಿಸಿದ ಚಿತ್ರ ಸಿಕ್ಕರೆ, ಕೆಳಗೆ ‘ಆಕಳಿಕೆ’ ಎಂದು ಬರೆಯುವ ಮುನ್ನ ಸುತ್ತಮುತ್ತ ಏನು ನಡೆಯುತ್ತಿತ್ತೆಂದು ನೆನಪಿಸಿಕೊಳ್ಳಿ. ಅದು ಎದುರಿನವರಿಗೆ ಕೋರೆಹಲ್ಲು ತೋರಿಸಿ ಹೆದರಿಸುವ ಕ್ರಮವೂ ಹೌದು.