ಮೇಕೆ ಗಬ್ಬ ನಿಲ್ಲಬೇಕಾ? ಸೂಜಿಗೆ ಮುಂಚೆ ಸೊಂಟ ಮುಟ್ಟಿ ನೋಡಿ

"ಸ್ಪಾಂಜ್ ಹಾಕಿಸಿದೆ, ಇಂಜೆಕ್ಷನ್ ಕೊಡಿಸಿದೆ, ಆದ್ರೂ ಗಬ್ಬ ನಿಲ್ಲಲಿಲ್ಲ" ಅನ್ನುವವರಿಗೆ ನಾನು ಕೇಳುವುದು ಒಂದೇ: ಸೊಂಟ ಮುಟ್ಟಿ ನೋಡಿದ್ರಾ? ಸ್ಪಾಂಜ್, ಇಂಜೆಕ್ಷನ್‌ನಲ್ಲಿರುವ ಹಾರ್ಮೋನು ಬೆದೆ ಬರುವ ದಿನವನ್ನು ಗೊತ್ತು ಮಾಡುತ್ತದೆ, ಅಷ್ಟೆ. ಎಷ್ಟು ಅಂಡ ಬಿಡಬೇಕು, ಗರ್ಭ ಉಳಿಯಬೇಕಾ ಬೇಡವಾ ಅನ್ನುವುದರಲ್ಲಿ ಮೇವಿನ ಕೈವಾಡ ಜಾಸ್ತಿ.

ಕೊನೆಯ ಪಕ್ಕೆಲುಬಿನ ಹಿಂದೆ ಅಂಗೈ ಇಡಿ. ಬೆನ್ನುಮೂಳೆ ಚೂಪಾಗಿ ತಾಗಿ, ಪಕ್ಕದ ಮೂಳೆಗಳ ತುದಿಯ ಕೆಳಗೆ ಬೆರಳು ಸಲೀಸಾಗಿ ನುಗ್ಗಿದರೆ ಮೇಕೆ ಬಡಕಲು. ಒತ್ತಿದರೂ ಮೂಳೆ ಸಿಗದಿದ್ದರೆ ಕೊಬ್ಬು ಹೆಚ್ಚು. 1ರಿಂದ 5ರ ಅಳತೆಯಲ್ಲಿ (1 ಅಂದರೆ ತೀರಾ ಬಡಕಲು, 5 ಅಂದರೆ ತೀರಾ ಕೊಬ್ಬು) 2.5ರಿಂದ 3.5 ಇದ್ದರೆ ಸರಿ. ಹೊಟ್ಟೆ ನೋಡಿ ತೀರ್ಮಾನಿಸಬೇಡಿ, ಹುಲ್ಲು ತಿಂದ ಹೊಟ್ಟೆ ಯಾವಾಗಲೂ ದುಂಡಗೇ ಕಾಣುತ್ತದೆ.

ತೆಳ್ಳಗಿರುವವಕ್ಕೆ ಹೋತ ಬಿಡುವ ಎರಡು-ಮೂರು ವಾರ ಮುಂಚಿನಿಂದ ಕೈತಿಂಡಿ (ಕಾಳು, ಹಿಂಡಿ) ಹೆಚ್ಚಿಸಿ. ದಿನಕ್ಕೆ 200-300 ಗ್ರಾಂ ಸಾಕು. ಆದರೆ 50 ಗ್ರಾಂನಿಂದ ಶುರು ಮಾಡಿ, ಎರಡು ಹೊತ್ತಿಗೆ ಹಂಚಿ, ಮೆಲ್ಲಗೆ ಏರಿಸಿ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ ಮೆಲುಕು ನಿಲ್ಲುತ್ತದೆ. ಖನಿಜ ಮಿಶ್ರಣ ಮರೆಯಬೇಡಿ. ಹೋತ ಹಾರಿದ ಮೇಲೂ ಸುಮಾರು ಮೂರು ವಾರ ತಿಂಡಿ ಮುಂದುವರಿಸಿ. ಗರ್ಭ ಕಚ್ಚಿಕೊಳ್ಳುವ ಕಾಲ ಅದು. ಬಹಳ ಮಂದಿ ಸರಿಯಾಗಿ ಅಲ್ಲೇ ಕೈ ಬಿಗಿ ಮಾಡುತ್ತಾರೆ! ಮೊದಲೇ ಕೊಬ್ಬಿದ ಮೇಕೆಗೆ ಈ ಹೆಚ್ಚುವರಿ ತಿಂಡಿಯಿಂದ ಏನೂ ಲಾಭವಿಲ್ಲ.

ಜಂತುಹುಳುವಿನ ಔಷಧಿ ಹೋತ ಬಿಡುವ ಮುಂಚೆಯೇ ಮುಗಿಸಿ. ಆಲ್ಬೆಂಡಜೋಲ್ ಅನ್ನು ಗಬ್ಬದ ಮೊದಲ ತಿಂಗಳಲ್ಲಿ ಕೊಡಲೇಬಾರದು. ಹೋತಕ್ಕೂ ತಿಂಡಿ ಬೇಕು, ಅದೂ ಎರಡು ತಿಂಗಳು ಮುಂಚೆಯೇ. ವೀರ್ಯ ತಯಾರಾಗಲು ಸುಮಾರು ಏಳು ವಾರ ಹಿಡಿಯುತ್ತದೆ.

ಖರ್ಚಿಲ್ಲದ ಹಾರ್ಮೋನು ಬೇಕಾ? ಹೋತವನ್ನು ಕಣ್ಣಿಗೂ ಮೂಗಿಗೂ ಸಿಗದಷ್ಟು ದೂರ ಮೂರು-ನಾಲ್ಕು ವಾರ ಕಟ್ಟಿ, ಆಮೇಲೆ ಒಮ್ಮೆಗೇ ಬಿಡಿ. ಆ ಗಬ್ಬುನಾತ ನಮಗೆ ತಡೆಯಲಾಗದಿದ್ದರೂ ಮೇಕೆಗಳನ್ನು ಕೆಲವೇ ದಿನದಲ್ಲಿ ಬೆದೆಗೆ ತರುತ್ತದೆ. ಸುಮಾರು ಒಂದು ವಾರದೊಳಗೆ ಮತ್ತೆ ಬೆದೆಗೆ ಬರಬಹುದು. ಗಾಬರಿ ಬೇಡ, ಗಬ್ಬ ನಿಲ್ಲುವುದು ಸಾಮಾನ್ಯವಾಗಿ ಆ ಎರಡನೇ ಸಲವೇ.

ಇಷ್ಟಾದ ಮೇಲೆ ಸ್ಪಾಂಜ್. ಪ್ರೊಜೆಸ್ಟರಾನ್ ತರಹದ ಔಷಧಿ ಹೀರಿಸಿದ ಇದನ್ನು ಯೋನಿಯೊಳಗೆ ಸುಮಾರು 11ರಿಂದ 14 ದಿನ ಇಡುತ್ತಾರೆ. ಅಲ್ಲಿಯವರೆಗೆ ಬೆದೆ ತಡೆದಿರುತ್ತದೆ. ತೆಗೆದರೆ ಒಂದರಿಂದ ಮೂರು ದಿನದೊಳಗೆ ಬೆದೆ. ದಾರವನ್ನು ಕೆಳಮುಖವಾಗಿ, ನಿಧಾನವಾಗಿ ಎಳೆಯಿರಿ. ನಾರುವ ಲೋಳೆ ಜೊತೆಗೆ ಬಂದರೆ ಹೆದರಬೇಡಿ, ಅದು ಮಾಮೂಲು. ತೆಗೆಯುವ ಹೊತ್ತಿಗೆ ಇಸಿಜಿ (eCG, ಅಂಡ ಬಿಡಿಸುವ ಹಾರ್ಮೋನು) ಇಂಜೆಕ್ಷನ್ ಕೊಡುವುದುಂಟು. ಡೋಸು ವೈದ್ಯರೇ ಹೇಳಲಿ. "ಇನ್ನಷ್ಟು ಹಾಕಿ, ಮರಿ ಜಾಸ್ತಿ ಬರಲಿ" ಅನ್ನಬೇಡಿ. ನಾಲ್ಕು ಮರಿ ಹೊತ್ತ ತಾಯಿ ಸೊರಗುತ್ತದೆ, ಮರಿಗಳೂ ಬಡವಾಗುತ್ತವೆ. ಪದೇ ಪದೇ ಕೊಟ್ಟರೆ ಮೈ ಅದರ ವಿರುದ್ಧವೇ ಪ್ರತಿಕಾಯ ಕಟ್ಟಿಕೊಂಡು, ಔಷಧಿ ಸರಿಯಾಗಿ ಹತ್ತುವುದಿಲ್ಲ.

ಪ್ರೊಸ್ಟಾಗ್ಲಾಂಡಿನ್ (ಬೆದೆ ಬರಿಸುವ ಇನ್ನೊಂದು ಹಾರ್ಮೋನು) ಬೇರೆ ದಾರಿ: ಸುಮಾರು 11 ದಿನದ ಅಂತರದಲ್ಲಿ ಎರಡು ಸೂಜಿ. ಬೆದೆಯ ಚಕ್ರ ನಡೆಯುತ್ತಿರುವ ಮೇಕೆಗೆ ಮಾತ್ರ ಇದು ಕೆಲಸ ಮಾಡುತ್ತದೆ. ಗಬ್ಬದ ಮೇಕೆಗೆ ಕೊಟ್ಟರೆ ಎಷ್ಟೇ ತಿಂಗಳಾಗಿರಲಿ, ಕಂದು ಹಾಕುತ್ತದೆ. ಗರ್ಭಿಣಿಯರು, ಅಸ್ತಮಾ ಇರುವವರು ಆ ಬಾಟಲಿ ಮುಟ್ಟಲೇಬಾರದು. ಚರ್ಮದ ಮೂಲಕವೂ ಒಳಗಿಳಿಯುವ ಔಷಧಿ ಅದು.

ಎಲ್ಲವೂ ಒಟ್ಟಿಗೆ ಬೆದೆಗೆ ಬಂದಾಗ 25 ಮೇಕೆಗೆ ಒಂದು ಹೋತ ಅನ್ನುವ ಲೆಕ್ಕ ನಡೆಯಲ್ಲ. ಐದಾರು ಮೇಕೆಗೆ ಒಂದು ಬೇಕು. ಹೋತ ಹಾರಿದ 18ರಿಂದ 22ನೇ ದಿನದವರೆಗೆ ಬಾಲ ಅಲ್ಲಾಡಿಸುವುದು, ಅರಚುವುದು ಮತ್ತೆ ಕಾಣುತ್ತದಾ ಗಮನಿಸಿ. ಕಾಣದಿದ್ದರೆ ಒಂದೂವರೆ ತಿಂಗಳಿಗೆ ಸ್ಕ್ಯಾನ್ ಮಾಡಿಸಿ. ಸುಮಾರು 150 ದಿನಕ್ಕೆ ಎಲ್ಲವೂ ಒಟ್ಟಿಗೇ ಈಯುತ್ತವೆ. ಆ ವಾರ ಮನೆ ಬಿಟ್ಟು ಎಲ್ಲೂ ಹೋಗಬೇಡಿ.