ಜೈಲಿನಿಂದ ಬಂದವಳ ಗುಳಿಗೆ ಚಟ: ಮೊದಲ 15 ದಿನ ಹೀಗೆ ನೋಡಿಕೊಳ್ಳಿ

"ಆರು ತಿಂಗಳು ಒಳಗಿದ್ದಳು, ಗುಳಿಗೆ ಮುಟ್ಟಿಲ್ಲ, ಚಟ ಹೋಯ್ತು ಬಿಡ್ರಿ" ಅಂತಾರೆ ಮನೆಯವರು. ಅಲ್ಲೇ ಎಡವುವುದು. ಆಸೆ ಹಾಗೇ ಇರುತ್ತದೆ, ಆದರೆ ಮೈ ಹಳೇ ಅಳತೆ ಮರೆತಿರುತ್ತದೆ. ಮೊದಲು ಕೈತುಂಬಾ ಟ್ರಮಡಾಲ್ (ಮತ್ತು ತರುವ ನೋವಿನ ಗುಳಿಗೆ) ನುಂಗಿ ಹತ್ತಿ ಬಿಡಿಸಲು ಹೋಗುತ್ತಿದ್ದವಳು ಈಗ ಅಷ್ಟೇ ನುಂಗಿದರೆ ಉಸಿರೇ ನಿಲ್ಲಬಹುದು. ಹೊರಗೆ ಬಂದ ಮೊದಲ ಎರಡು ವಾರ ತುಂಬಾ ಅಪಾಯ.

ಹಾಗಾಗಿ ಬಿಡುಗಡೆಗೆ ಮುಂಚೆಯೇ ಕೆಲಸ ಶುರು ಮಾಡಿ. ಭೇಟಿಗೆ ಹೋದಾಗ ಜೈಲಿನ ಡಾಕ್ಟರ್ ಹತ್ತಿರ ಯಾವ ಔಷಧಿ, ಎಷ್ಟು, ಯಾವಾಗಿನಿಂದ ಅಂತ ಚೀಟಿ ಬರೆಸಿಕೊಳ್ಳಲು ಅವಳಿಗೆ ಹೇಳಿ. ಜಾಮೀನಿನ ಕಾಗದ ಸಂಜೆ ಬಂತು ಅಂದರೆ ಆಗ ಡಾಕ್ಟರನ್ನು ಎಲ್ಲಿ ಹುಡುಕುತ್ತೀರಿ? ವಕೀಲರಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ.

ಬಂದ ಮಾರನೇ ದಿನವೇ ಆಸ್ಪತ್ರೆಗೆ ಹೊರಡಿ. ಬಳ್ಳಾರಿ ಕಡೆಯವರು ವಿಮ್ಸ್ (ಈಗಿನ ಹೆಸರು ಬಿಎಂಸಿಆರ್‌ಸಿ), ರಾಯಚೂರಿನವರು ರಿಮ್ಸ್, ಕೊಪ್ಪಳದವರು ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆ. ಚೀಟಿ ಮಾಡಿಸುವಾಗ ಮಾನಸಿಕ ರೋಗ ವಿಭಾಗ ಅಂತ ಹೇಳಿ. "ನನಗೇನು ಹುಚ್ಚಾ?" ಅಂತ ಅವಳು ಕೇಳೇ ಕೇಳುತ್ತಾಳೆ, ಚಟ ಬಿಡಿಸುವ ಡಾಕ್ಟರ್ ಕೂರುವುದು ಅಲ್ಲೇ ಅಂತ ಹೇಳಿ ಕರೆದೊಯ್ಯಿರಿ. ದೂರವಾದರೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ಇದೆ, ಮಂಗಳವಾರದ್ದು. ನಿಮ್ಮಲ್ಲಿ ತಿಂಗಳ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಆಧಾರ್ ಕಾರ್ಡ್ ಹುಡುಕಿಡಿ, ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಸಾದಾ ಬಸ್ಸಿಗೆ ಅವಳಿಗೆ ದುಡ್ಡು ಬೇಕಿಲ್ಲ.

ಡಾಕ್ಟರ್ ಸಾಮಾನ್ಯವಾಗಿ ಕೊಡುವುದು ಬುಪ್ರೆನಾರ್ಫಿನ್, ಚಟದ ಆಸೆ, ಸಂಕಟ ತಗ್ಗಿಸುವ ಗುಳಿಗೆ. ಇದನ್ನು ಅವಸರದಲ್ಲಿ ಶುರು ಮಾಡಬಾರದು. ಹೊರಗೆ ಬಂದು ಮತ್ತೆ ಚಟದ ಗುಳಿಗೆ ತಿಂದಿದ್ದರೆ, ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿಯುವುದು ಶುರುವಾಗುವ ತನಕ, ಅಂದರೆ ಸುಮಾರು 12ರಿಂದ 24 ಗಂಟೆ, ಕಾಯಬೇಕು. ಮುಂಚೆ ಕೊಟ್ಟರೆ ಆ ಸಂಕಟವೆಲ್ಲ ಒಮ್ಮೆಲೇ ಮೈಮೇಲೆ ಬರುತ್ತದೆ. ಅದಕ್ಕೇ ಡಾಕ್ಟರ್ ಮುಂದೆ ಸುಳ್ಳು ಹೇಳಬಾರದು.

ನಾನು ಜೊತೆಗೆ ಹೋಗಿದ್ದ ಸಿಂಧನೂರು ಕಡೆಯ ಹೆಂಗಸು ಮೊದಲ ದಿನ ಡಾಕ್ಟರ್ ಕೊಟ್ಟ ಗುಳಿಗೆ ಬಾಯಿಗೆ ಹಾಕಿ ಗಟಗಟ ನೀರು ಕುಡಿದುಬಿಟ್ಟಳು! ನುಂಗಿದರೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ. ಎಲೆಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ನಾಲಿಗೆ ಕೆಳಗಿಟ್ಟು ಐದರಿಂದ ಹತ್ತು ನಿಮಿಷ, ಪೂರ್ತಿ ಕರಗುವ ತನಕ, ಸುಮ್ನೆ ಕೂರಬೇಕು. ಮಾತು ಬೇಡ. ಎರಡನೇ ದಿನ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು, ಯಾರೂ ಮಾತಾಡಿಸಬಾರದು ಅಂತ.

"ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂಗಾಯ್ತಲ್ಲ" ಅಂತ ಅತ್ತೆಯೋ ಮೈದುನನೋ ಅನ್ನುತ್ತಾರೆ. ಅನ್ನಲಿ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ, ನಡುವೆ ತಾವೇ ಬಿಟ್ಟವರು ಹಳೇ ದಾರಿಗೆ ಮರಳುವುದೇ ಜಾಸ್ತಿ.

ನಮ್ಮ ಕಡೆಯದೇ ಒಂದು ವಿಷಯ, ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಅನ್ನೋ ಮತ್ತಿನ ಪುಡಿ) ಹಾಕಿದ ಸೇಂದಿ. ಕುಡಿಯುತ್ತಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಈ ಗುಳಿಗೆ ಜೊತೆ ಅದು ಸೇರಿದರೆ ಉಸಿರು ಕಟ್ಟಬಹುದು, ಅದನ್ನು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಬಸುರಿಯಾಗಿದ್ದರೆ ಯಾವುದನ್ನೂ ತಾನಾಗಿ ನಿಲ್ಲಿಸಬಾರದು, ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆ. ಚಟದಿಂದ ಮುಟ್ಟು ನಿಂತಿದ್ದವರಿಗೆ ಮತ್ತೆ ಶುರುವಾಗುತ್ತದೆ, ಬಸುರಾಗುವ ಸಾಧ್ಯತೆಯೂ ಇದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವು ಹೇಳಿ.

ಗೊರಕೆಯಂಥ ಸದ್ದು, ತುಟಿ ನೀಲಿ, ಅಲುಗಾಡಿಸಿದರೂ ಎಚ್ಚರವಿಲ್ಲ ಅಂದರೆ ತಕ್ಷಣ 108. ನಿಂಬೆರಸ, ಮಜ್ಜಿಗೆ ಬಾಯಿಗೆ ಹೊಯ್ಯಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಉಸಿರು ನೋಡುತ್ತಾ ಪಕ್ಕದಲ್ಲೇ ಇರಿ. ಏನು ತಿಂದಳು ಅಂತ ನಿಜ ಹೇಳಿದರೆ ಆಸ್ಪತ್ರೆಯಲ್ಲಿ ನಾಲಾಕ್ಸೋನ್, ಅಂದರೆ ಮತ್ತು ಇಳಿಸಿ ಉಸಿರು ಮರಳಿಸುವ ಔಷಧಿ, ಚುಚ್ಚುತ್ತಾರೆ. ಬರೀ ಮಾತಾಡಬೇಕು ಅನ್ನಿಸಿದರೆ ಚಟ ಬಿಡಿಸುವ ಸಹಾಯವಾಣಿ 14446, ರಾತ್ರಿಯಾದರೂ ಮಾನಸಿಕ ಆರೋಗ್ಯದ ಸಹಾಯವಾಣಿ 14416.

ಠಾಣೆಗೆ ಸಹಿ ಹಾಕುವ ದಿನವೂ ಆಸ್ಪತ್ರೆ ದಿನವೂ ಒಂದೇ ಆದರೆ ವಕೀಲರಿಗೆ ಮೊದಲೇ ತಿಳಿಸಿ, ಡಾಕ್ಟರ್ ಹತ್ತಿರ ಸೀಲು ಹಾಕಿದ ಕಾಗದ ತನ್ನಿ. ಗುಳಿಗೆಯನ್ನು ಗೂಡಿನಲ್ಲೋ ದೇವರ ಮುಂದೋ ಇಡಬೇಡಿ, ಒಂದೇ ಒಂದು ಗುಳಿಗೆ ಮಗುವಿನ ಜೀವ ತೆಗೆಯಬಹುದು. ಟ್ರಂಕಿಗೆ ಬೀಗ ಹಾಕಿ, ಕೀಲಿ ನಿಮ್ಮ ಸೊಂಟದಲ್ಲಿರಲಿ.