ಹಳೆಯ ಲಾರಿ, ಹಳೆಯ ಬೋಟು: ಎಂಜಿನ್ ಆಯಿಲ್ ಆರಿಸುವುದು ಹೇಗೆ?

ಲಾರಿ ಬಿಡಿಭಾಗಗಳ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಗಾಡಿ ಹಳೆಯದು, ಸ್ವಲ್ಪ ದಪ್ಪ ಆಯಿಲ್ ಕೊಡಿ.’ ಅಂಗಡಿಯವರು 20ಡಬ್ಲ್ಯು-50 ಡಬ್ಬಿ ಇಳಿಸಿ ಕೊಡುತ್ತಾರೆ. ಮಾಲೀಕರು ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಅಂಟು ಚೆನ್ನಾಗಿದೆ ಎಂದು ತಲೆಯಾಡಿಸುತ್ತಾರೆ. ನಮ್ಮ ತಂದೆಯೂ ಹೀಗೆಯೇ ಕೊಳ್ಳುತ್ತಿದ್ದರು. ದಪ್ಪ ಆಯಿಲ್ ಹಾಕಿದ ದಿನ ಪ್ರೆಷರ್ ಗೇಜಿನ ಮುಳ್ಳು ಮೇಲೇರಿತು, ಎಂಜಿನ್ನಿನ ಸದ್ದು ತಗ್ಗಿತು. ಎರಡು ವರ್ಷದ ಮೇಲೆ ಮೇಸ್ತ್ರಿ ಚೇಂಬರ್ ಬಿಚ್ಚಿದಾಗ ಬೇರಿಂಗುಗಳು ಒಳಗಿನ ತಾಮ್ರದ ಪದರ ಕಾಣುವಷ್ಟು ಸವೆದಿದ್ದವು. ಆ ಸವೆತವನ್ನು ಅಷ್ಟು ದಿನ ನಮ್ಮ ಕಣ್ಣಿಂದ ಮರೆಮಾಡಿದ್ದು ಆ ದಪ್ಪ ಆಯಿಲ್ಲೇ.

ಗೇಜು ತೋರಿಸುವುದು ಒತ್ತಡವನ್ನು, ಹರಿವನ್ನಲ್ಲ. ಹರಿಯಲು ಕಷ್ಟಪಡುವ ಆಯಿಲ್ಲಿಗೆ ಒತ್ತಡ ಹೆಚ್ಚು ಕಾಣಿಸುವುದು ಸಹಜ. ಆದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ರಾಕರಿಗೂ ಟರ್ಬೊ ಇದ್ದರೆ ಅದರ ಬೇರಿಂಗಿಗೂ ಅದು ತಡವಾಗಿ ತಲುಪುತ್ತದೆ. ಎಂಜಿನ್ ಹೆಚ್ಚು ಸವೆಯುವುದು ಆ ಹೊತ್ತಿನಲ್ಲೇ. ಹಾಗಾದರೆ ಹತ್ತಾರು ವರ್ಷ ದುಡಿದ ಎಂಜಿನ್ನಿಗೆ ಯಾವ ಆಯಿಲ್ ಹಾಕಬೇಕು? ಬೆರಳು ಹೇಳದ ಉತ್ತರವನ್ನು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳು ಹೇಳುತ್ತವೆ.

ಮೊದಲ ಹೆಜ್ಜೆ: ಎಂಜಿನ್ನಿನ ಆರೋಗ್ಯ ನೋಡಿ

ಅಂಗಡಿಗೆ ಹೋಗುವ ಮೊದಲು ಮೂರು ಪರೀಕ್ಷೆ ಮಾಡಿ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೆ ಆಯಿಲ್ ತುಂಬಿಸಿ, ಸಾವಿರ ಕಿಲೊಮೀಟರ್ ಓಡಿದ ಮೇಲೆ ಮತ್ತೆ ಅದೇ ಗೆರೆಗೆ ತರಲು ಎಷ್ಟು ಬೇಕಾಯಿತೆಂದು ಅಳೆದು ಬರೆದಿಡಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿ ಬರುತ್ತದೆಯೇ ನೋಡಿ. ಬರುತ್ತಿದ್ದರೆ ರಿಂಗ್, ಬೋರ್ ಸವೆದಿವೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ಪ್ರೆಷರ್ ಎಷ್ಟಿದೆ ಎಂದು ಗಮನಿಸಿ, ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಕೈಪಿಡಿ ಕಳೆದುಹೋಗಿದ್ದರೆ, ಎಂಜಿನ್ ನಿಮಿಷಕ್ಕೆ ಸುತ್ತುವ ಪ್ರತಿ ಸಾವಿರ ಸುತ್ತಿಗೆ ಒತ್ತಡ 10 ಪಿಎಸ್‌ಐ ಎಂಬ ಹಳೆಯ ಗ್ಯಾರೇಜ್ ಲೆಕ್ಕವನ್ನು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಗೇಜೇ ತಪ್ಪು ತೋರಿಸುತ್ತಿರಬಹುದು, ಅದನ್ನು ಇನ್ನೊಂದು ಗೇಜಿನಿಂದ ತಾಳೆ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಈ ಮೂರೂ ಸರಿಯಿದ್ದರೆ ನಿಮ್ಮ ಎಂಜಿನ್ನಿಗೆ ವಯಸ್ಸಾಗಿದೆ ಅಷ್ಟೇ, ಕಾಯಿಲೆ ಇಲ್ಲ. ತಯಾರಕರು ಹೇಳಿದ ಆಯಿಲ್ಲೇ ಅದಕ್ಕೆ ಸಾಕು.

ಎರಡನೆಯದು: ಅಂಕಿಯನ್ನು ಅರ್ಥ ಮಾಡಿಕೊಳ್ಳಿ

15ಡಬ್ಲ್ಯು-40 ಎಂಬುದರಲ್ಲಿ ‘ಡಬ್ಲ್ಯು’ ಎಂದರೆ ಚಳಿಗಾಲ. ಮುಂದಿನ 15, ತಣ್ಣಗಿರುವಾಗ ಆಯಿಲ್ ಹೇಗೆ ಹರಿಯುತ್ತದೆ ಎಂಬುದರ ಗುರುತು. 15ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯು ಆಯಿಲನ್ನು 15 ಡಿಗ್ರಿ ಕೆಳಗೆ. ಮಡಿಕೇರಿಯಲ್ಲೂ ಬೀದರಿನಲ್ಲೂ ಅಂಥ ಚಳಿ ಬೀಳುವುದಿಲ್ಲ, ನಿಜ. ಆದರೂ 15ರ ಲಾಭ ನಮಗಿದೆ. ಜನವರಿಯ ಮುಂಜಾನೆ ನಾಲ್ಕಕ್ಕೆ ಲೋಡಿಗೆ ಹೊರಡುವ ಲಾರಿಯಲ್ಲಿ ಅದು 20ಕ್ಕಿಂತ ಬೇಗ ಮೇಲೆ ಹತ್ತುತ್ತದೆ.

ಹಿಂದಿನ 40, ಎಂಜಿನ್ ಬಿಸಿಯಾದಾಗಿನ ಸ್ನಿಗ್ಧತೆ, ಅಂದರೆ ಹರಿಯುವಾಗ ಆಯಿಲ್ ಒಡ್ಡುವ ತಡೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 12.5ರಿಂದ 16.3 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ) ನಡುವೆ ಇದ್ದರೆ 40 ಎನ್ನುತ್ತಾರೆ. ಅಲ್ಲಿಂದ ಮೇಲೆ 21.9ರವರೆಗೆ 50. ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಪೊರೆಯನ್ನು ಕಾಪಾಡುವುದು ಈ ಬಿಸಿ ಅಂಕಿ.

ನಮ್ಮ ಹವೆಯಲ್ಲಿ ಹೆಚ್ಚಿನ ಹಳೆಯ ಡೀಸೆಲ್ ಲಾರಿಗಳಿಗೆ 15ಡಬ್ಲ್ಯು-40 ಸರಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 20ಡಬ್ಲ್ಯು-50 ಹಾಕಲು ಎರಡೇ ಕಾರಣ ಒಪ್ಪುತ್ತೇನೆ. ಒಂದು, ಬಿಸಿ ನಾಡಿಗೆ ಅದು ಆಗುತ್ತದೆ ಎಂದು ಕೈಪಿಡಿಯಲ್ಲೇ ಬರೆದಿದ್ದರೆ. ಇನ್ನೊಂದು, ಬಿಸಿ ಎಂಜಿನ್ನಿನ ಪ್ರೆಷರ್ ನಿಜವಾಗಿಯೂ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿದ್ದು, ಎಂಜಿನ್ ಕೆಲಸಕ್ಕೆ ದುಡ್ಡು ಹೊಂದಿಸುವವರೆಗೆ ನಾಲ್ಕಾರು ತಿಂಗಳು ತಳ್ಳಬೇಕಾಗಿದ್ದರೆ. ಎರಡನೆಯದು ತಾತ್ಕಾಲಿಕ ಉಪಾಯ ಎಂಬುದನ್ನು ಮರೆತರೆ ನಮ್ಮ ತಂದೆಗೆ ಆದದ್ದೇ ಆಗುತ್ತದೆ.

ಮೂರನೆಯದು: ಅಕ್ಷರಗಳೇ ಮುಖ್ಯ

ಬಹಳ ಜನ ಅಂಕಿ ನೋಡಿ ಅಕ್ಷರ ಬಿಡುತ್ತಾರೆ. ಡಬ್ಬಿಯ ಹಿಂದೆ ‘ಎಪಿಐ’ (ಆಯಿಲ್ಲಿನ ದರ್ಜೆ ನಿಗದಿ ಮಾಡುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂಬುದರ ಮುಂದೆ ಸಿಎಚ್-4, ಸಿಐ-4, ಸಿಕೆ-4 ಎಂದೇನೋ ಇರುತ್ತದೆ. ‘ಸಿ’ಯಿಂದ ಶುರುವಾದರೆ ಡೀಸೆಲ್ ಎಂಜಿನ್ನಿನದು, ‘ಎಸ್’ನಿಂದ ಶುರುವಾದರೆ ಪೆಟ್ರೋಲಿನದು. ಎರಡೂ ಬರೆದಿದ್ದರೆ ಯಾವುದು ಮೊದಲಿದೆಯೋ ಅದಕ್ಕೆ ಮುಖ್ಯವಾಗಿ ತಯಾರಾದದ್ದು. ಕಾರಿನ ಆಯಿಲ್ ಉಳಿದಿದೆ ಎಂದು ‘ಎಸ್’ ಮಾತ್ರ ಇರುವುದನ್ನು ಲಾರಿಗೆ ಸುರಿಯಬೇಡಿ. ಡೀಸೆಲ್ಲಿನ ಮಸಿಯನ್ನು ಹಿಡಿದಿಡುವ ಶಕ್ತಿ ಅದಕ್ಕೆ ಸಾಲದು.

ಎರಡನೆಯ ಅಕ್ಷರ ಮುಂದಕ್ಕೆ ಹೋದಷ್ಟೂ ಆಯಿಲ್ ಹೊಸ ಕಾಲದ್ದು. ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೆಯಲ್ಲಿ. ಹೊಸದು ಹಳೆಯದರ ಜಾಗದಲ್ಲಿ ನಡೆಯುತ್ತದೆ. ನಿಮ್ಮ ಲಾರಿಯ ಕೈಪಿಡಿಯಲ್ಲಿ ಸಿಎಫ್-4 ಎಂದಿದ್ದರೆ ಅದನ್ನು ಹುಡುಕಿಕೊಂಡು ಅಲೆಯಬೇಕಿಲ್ಲ, ಸಿಐ-4 ಹಾಕಿದರೆ ಇನ್ನೂ ಒಳ್ಳೆಯದು. ಈ ನಿಯಮಕ್ಕೆ ಎಫ್‌ಎ-4 ಮಾತ್ರ ಹೊರತು. ಅದು ಇಂಧನ ಉಳಿಸಲೆಂದು ತೆಳುವಾಗಿ ಮಾಡಿದ ಆಯಿಲ್, ಹಳೆಯ ಎಂಜಿನ್ನಿಗೆ ಬೇಡವೇ ಬೇಡ.

‘ಸಿಕೆ-4ರಲ್ಲಿ ಬೂದಿ ಕಡಿಮೆ, ಕ್ಷಾರ ಕಡಿಮೆ, ಹಳೆಯ ಗಾಡಿಗೆ ಆಗದು’ ಎಂಬ ಮಾತು ಗ್ಯಾರೇಜುಗಳಲ್ಲಿದೆ. ಇದು ಪೂರ್ತಿ ಸುಳ್ಳಲ್ಲ, ಕಾಲ ಮೀರಿದ ಸತ್ಯ. ಡೀಸೆಲ್ಲಿನಲ್ಲಿ ಗಂಧಕ ಹೆಚ್ಚಿದ್ದಾಗ ಅದು ಉರಿದು ಆಮ್ಲವಾಗುತ್ತಿತ್ತು, ಆಮ್ಲವನ್ನು ತಟಸ್ಥಗೊಳಿಸಲು ಆಯಿಲ್ಲಿನಲ್ಲಿ ಕ್ಷಾರ ಬೇಕಿತ್ತು. ಆ ಕ್ಷಾರದ ಅಳತೆಯನ್ನೇ ಟಿಬಿಎನ್ ಎನ್ನುವುದು. ಬಿಎಸ್ ಎಂದರೆ ಭಾರತ್ ಸ್ಟೇಜ್, ವಾಹನದ ಹೊಗೆಗೆ ಸರ್ಕಾರ ಹಾಕಿದ ಮಿತಿ. ಬಿಎಸ್-2 ಕಾಲದ ಡೀಸೆಲ್ಲಿನಲ್ಲಿ ಹತ್ತು ಲಕ್ಷಕ್ಕೆ 500 ಭಾಗ ಗಂಧಕ ಇರಬಹುದಿತ್ತು, ಅದಕ್ಕೂ ಹಿಂದೆ ಇನ್ನೂ ಹೆಚ್ಚು. 2020ರ ಏಪ್ರಿಲ್ 1ರಿಂದ ದೇಶದ ಬಂಕುಗಳಲ್ಲಿ ಸಿಗುತ್ತಿರುವ ಬಿಎಸ್-6 ಡೀಸೆಲ್ಲಿನಲ್ಲಿ ಮಿತಿ ಹತ್ತೇ ಭಾಗ. ಆದ್ದರಿಂದ ಹಳೆಯ ಲಾರಿಗೂ ಸಿಕೆ-4 ನಡೆಯುತ್ತದೆ. ಮನೆಯಲ್ಲಿ ಒಂದು ಹಳೆಯ ಲಾರಿ, ಒಂದು ಬಿಎಸ್-6 ಲಾರಿ ಇಟ್ಟುಕೊಂಡವರು, ಹೊಸ ಲಾರಿಯ ಕೈಪಿಡಿ ಒಪ್ಪಿದರೆ, ಒಂದೇ ಸಿಕೆ-4 ಬ್ಯಾರೆಲ್ ಇಳಿಸಿಕೊಂಡು ಎರಡಕ್ಕೂ ಬಳಸಬಹುದು. ತದ್ವಿರುದ್ಧ ಮಾಡಬೇಡಿ: ಬಿಎಸ್-6 ಲಾರಿಗೆ ಸಿಐ-4 ಹಾಕಿದರೆ ಸೈಲೆನ್ಸರಿನಲ್ಲಿರುವ ಮಸಿ ಫಿಲ್ಟರ್, ಆಯಿಲ್ ಉರಿದು ಉಳಿಯುವ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಹಳೆಯ ಗಾಡಿ ಮಾತ್ರ ಇದ್ದರೆ ಸಿಐ-4ರ ಸುಧಾರಿತ ರೂಪವಾದ ಸಿಐ-4 ಪ್ಲಸ್ ಸಾಕು.

ನಾಲ್ಕನೆಯದು: ಬೋಟಿನ ಲೆಕ್ಕವೇ ಬೇರೆ

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಯಲ್ಲಿ ನಿಲ್ಲುವ ಎಷ್ಟೋ ಹಳೆಯ ಟ್ರಾಲ್ ಬೋಟುಗಳ ಒಳಗಿರುವುದು ಲಾರಿಯ ಎಂಜಿನ್ನಿನದೇ ಸಮುದ್ರದ ರೂಪ. ಹಾಗಾಗಿ ಆಯಿಲ್ಲಿನ ಅಂಕಿ, ಅಕ್ಷರ ಬಹುಪಾಲು ಅವೇ. ಕೆಲವು ಹಳೆಯ ನಿಧಾನಗತಿಯ ಎಂಜಿನ್ನುಗಳಿಗೆ ಮಾತ್ರ ತಯಾರಕರು ಒಂಟಿ ಅಂಕಿಯ 40 ಆಯಿಲ್ ಹೇಳಿರುತ್ತಾರೆ, ಅಲ್ಲಿ ಅದನ್ನೇ ಹಾಕಿ. ಗೇರ್‌ಬಾಕ್ಸಿನ ಆಯಿಲ್ ಬೇರೆಯೇ ಇರುತ್ತದೆ, ಅದರ ತಗಡಿನ ಫಲಕ ಓದಿ.

ವ್ಯತ್ಯಾಸ ಇರುವುದು ದುಡಿಮೆಯಲ್ಲಿ. ಲಾರಿ ಇಳಿಜಾರಿನಲ್ಲಿ ಉಸಿರು ಬಿಡುತ್ತದೆ, ಬಲೆ ಎಳೆಯುವ ಬೋಟಿಗೆ ಇಳಿಜಾರೇ ಇಲ್ಲ. ಹತ್ತು ದಿನದ ಆಳಸಮುದ್ರ ಮೀನುಗಾರಿಕೆಗೆ ಹೋದ ಬೋಟಿನ ಎಂಜಿನ್ ದಿನಕ್ಕೆ 22 ಗಂಟೆ ಓಡಿದರೆ ಒಂದು ಟ್ರಿಪ್ಪಿಗೆ 220 ಗಂಟೆ. ಬಹಳಷ್ಟು ಎಂಜಿನ್ನುಗಳಿಗೆ ಆಯಿಲ್ ಬದಲಿಸುವ ಅವಧಿ 250 ಗಂಟೆಯ ಆಸುಪಾಸು. ಅಂದರೆ ಟ್ರಿಪ್ಪಿಗೊಮ್ಮೆ ಬದಲಾವಣೆ. ಇದನ್ನು ತಿಂಗಳ ಲೆಕ್ಕದಲ್ಲಿ ಹಿಡಿಯುವ ತಾಂಡೇಲರನ್ನು (ಬೋಟು ನಡೆಸುವವರನ್ನು) ಕಂಡಾಗ ನನಗೆ ಸಂಕಟವಾಗುತ್ತದೆ. ಗಂಟೆ ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಸಿ; ದುಬಾರಿ ಸಿಂಥೆಟಿಕ್ ಆಯಿಲ್ಲಿಗಿಂತ ಆ ಖರ್ಚು ಹೆಚ್ಚು ಉಪಕಾರ ಮಾಡುತ್ತದೆ.

ಸಮುದ್ರದಲ್ಲಿ ದೊಡ್ಡ ಶತ್ರು ಉಪ್ಪುನೀರು. ಆಯಿಲ್ ಕೂಲರಿನಲ್ಲಿ ಒಂದು ಸಣ್ಣ ತೂತಾದರೂ ಅದು ಆಯಿಲ್ಲಿನೊಳಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ ಕಪ್ಪಗಿದ್ದರೆ ಹೆದರಬೇಡಿ, ಡೀಸೆಲ್ ಎಂಜಿನ್ನಿನಲ್ಲಿ ಅದು ಮಸಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ಮಾತ್ರ ಎಂಜಿನ್ ನಿಲ್ಲಿಸಿ. ಅನುಮಾನವಿದ್ದರೆ ಚೆನ್ನಾಗಿ ಕಾದ ತಗಡಿನ ಮೇಲೆ ದೂರ ನಿಂತು ಒಂದು ಹನಿ ಬಿಡಿ. ಚಟಚಟ ಸಿಡಿದರೆ ನೀರಿದೆ. ಮಟ್ಟ ತಾನಾಗಿ ಏರಿದ್ದು, ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಅಥವಾ ಪಂಪ್ ಸೋರುತ್ತಿದೆ. ಉಪ್ಪುನೀರು ಸೇರಿದ್ದಾದರೆ ಸೋರಿಕೆ ಮುಚ್ಚಿದ ಮೇಲೆ ಅಗ್ಗದ ಆಯಿಲ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ತೆಗೆದು, ಹೀಗೆ ಎರಡು ಮೂರು ಸಲ ತೊಳೆಯಬೇಕು.

ನಾಡದೋಣಿಯ ಟೂ-ಸ್ಟ್ರೋಕ್ ಔಟ್‌ಬೋರ್ಡಿಗೆ ‘ಟಿಸಿ-ಡಬ್ಲ್ಯು3’ ಎಂದು ಬರೆದ ಆಯಿಲ್ಲೇ ಬೇಕು. ಸ್ಕೂಟರಿನ ಟೂ-ಟಿ ಆಯಿಲ್ ಗಾಳಿಯಿಂದ ತಣಿಯುವ ಎಂಜಿನ್ನಿಗಾಗಿ ಮಾಡಿದ್ದು, ಅದರ ಬೂದಿ ಔಟ್‌ಬೋರ್ಡಿನ ಪ್ಲಗ್ಗಿನಲ್ಲೂ ರಿಂಗಿನಲ್ಲೂ ಕೂರುತ್ತದೆ.

ಐದನೆಯದು: ಕೊಳ್ಳುವಾಗ, ಬದಲಿಸುವಾಗ

ಸರ್ವೋ, ಮ್ಯಾಕ್, ಕ್ಯಾಸ್ಟ್ರಾಲ್, ಗಲ್ಫ್: ಅಂಕಿ ಮತ್ತು ಅಕ್ಷರ ಒಂದೇ ಆಗಿದ್ದರೆ ಹೆಸರಿನ ಬಗ್ಗೆ ಜಗಳ ಬೇಡ. ಅಸಲಿಯೇ ಎಂಬುದು ಮುಖ್ಯ. ಅಧಿಕೃತ ಡೀಲರಿನಿಂದ ಬಿಲ್ ಸಮೇತ ತನ್ನಿ, ಸೀಲ್ ಮತ್ತು ಬ್ಯಾಚ್ ಸಂಖ್ಯೆ ನೋಡಿ. ಖಾಲಿ ಡಬ್ಬಿಗಳನ್ನು ಕತ್ತರಿಸಿ ಗುಜರಿಗೆ ಹಾಕಿ, ಇಲ್ಲದಿದ್ದರೆ ಅದೇ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ಬೇರೊಬ್ಬರ ಎಂಜಿನ್ನಿಗೆ ಹೋಗುತ್ತದೆ.

ವರ್ಷಗಟ್ಟಲೆ ಅಗ್ಗದ ಆಯಿಲ್ ಕಂಡ ಎಂಜಿನ್ನಿಗೆ ಒಳ್ಳೆಯ ಆಯಿಲ್ ಹಾಕಿದಾಗ ಒಳಗೆ ಕೂತ ಜಿಡ್ಡು ಕಳಚಿಕೊಳ್ಳುತ್ತದೆ, ಫಿಲ್ಟರ್ ಬೇಗ ಕಟ್ಟುತ್ತದೆ. ಮೊದಲ ಸಲ ಅರ್ಧ ಅವಧಿಗೇ ಆಯಿಲ್ಲನ್ನೂ ಫಿಲ್ಟರನ್ನೂ ಬದಲಿಸಿ. ಮುಂದೆ ನಿಗದಿತ ಅವಧಿ ಸಾಕು. ಟಾಪ್‌ಅಪ್ ಮಾಡುತ್ತಲೇ ಇದ್ದೇವಲ್ಲ, ಬದಲಿಸುವುದೇಕೆ ಎಂದು ಕೇಳುವವರಿದ್ದಾರೆ. ಮೇಲೆ ಸುರಿದ ಎರಡು ಲೀಟರ್ ಕೆಳಗಿರುವ ಮಸಿ, ಆಮ್ಲಗಳನ್ನು ಹೊರಗೆ ತರುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನ ಬೋಟು ದಡದಲ್ಲಿರುತ್ತದೆ. ಆಯಿಲ್ ಬದಲಿಸುವುದು ಆಗಸ್ಟಿನಲ್ಲಿ ಹೊರಡುವಾಗ ಎಂಬ ರೂಢಿ ತಪ್ಪು. ಹಳೆಯ ಆಯಿಲ್ಲಿನ ಆಮ್ಲ ಮತ್ತು ತೇವ ಎರಡು ತಿಂಗಳು ಬೇರಿಂಗನ್ನು ತಿನ್ನುತ್ತವೆ. ಮೇ ತಿಂಗಳ ಕೊನೆಯ ಟ್ರಿಪ್ಪಿನಿಂದ ಬಂದ ದಿನವೇ, ಎಂಜಿನ್ ಬಿಸಿಯಾಗಿರುವಾಗ ಆಯಿಲ್ ಇಳಿಸಿ, ಹೊಸದು ಹಾಕಿ, ಅದು ಎಲ್ಲೆಡೆ ಹರಡುವಂತೆ ಹತ್ತು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ. ಗಾಳಿ ಒಳಬರುವ ಬಾಯಿಗೂ ಹೊಗೆ ಕೊಳವೆಗೂ ಪ್ಲಾಸ್ಟಿಕ್ ಕಟ್ಟಿ. ನಡುವೆ ಒಂದೆರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಒಳಗೆ ನೀರಾವಿ ಕೂರುತ್ತದೆಯೇ ಹೊರತು ಲಾಭವಿಲ್ಲ.

ಇಳಿಸಿದ ಹಳೆಯ ಆಯಿಲನ್ನು ಅಳಿವೆಗೆ ಸುರಿಯಬೇಡಿ, ಮರಕ್ಕೆ ಬಳಿಯಲೂ ಬೇಡಿ. ನಮ್ಮ ಕರಾವಳಿಯಲ್ಲಿ ಮರದ ದೋಣಿಗೆ ಬಳಿಯಲು ಮೀನೆಣ್ಣೆ, ಗೇರು ಸಿಪ್ಪೆಯ ಎಣ್ಣೆ ಇದ್ದವು, ಇಂದಿಗೂ ಸಿಗುತ್ತವೆ. ಬಳಸಿದ ಎಂಜಿನ್ ಆಯಿಲ್ ಕಾನೂನಿನ ಕಣ್ಣಿನಲ್ಲಿ ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡ್ರಮ್ಮಿನಲ್ಲಿ ಕೂಡಿಸಿ, ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕೊಡಿ.

ಹೊಸ ಆಯಿಲ್ಲಿನ 210 ಲೀಟರ್ ಬ್ಯಾರೆಲ್ಲನ್ನು ಮಳೆಗಾಲದಲ್ಲಿ ಹೊರಗೆ ನೆಟ್ಟಗೆ ನಿಲ್ಲಿಸುವವರೂ ಇದ್ದಾರೆ. ಮೇಲಿನ ಮುಚ್ಚಳದ ಸುತ್ತ ನೀರು ನಿಲ್ಲುತ್ತದೆ. ಹಗಲು ಬಿಸಿಗೆ ಬ್ಯಾರೆಲ್ ಉಬ್ಬಿ, ರಾತ್ರಿ ತಣಿದು ಉಸಿರೆಳೆದುಕೊಂಡಾಗ ಆ ನೀರು ತಿರುಪಿನ ಸಂದಿನಿಂದ ಒಳಗೆ ಇಳಿಯುತ್ತದೆ. ಸೂರಿನ ಕೆಳಗೆ ಜಾಗವಿಲ್ಲದಿದ್ದರೆ ಬ್ಯಾರೆಲ್ಲನ್ನು ಅಡ್ಡಲಾಗಿ ಮಲಗಿಸಿ, ಎರಡು ಮುಚ್ಚಳಗಳೂ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಉರುಳಿಸಿ, ಅಲುಗದಂತೆ ಎರಡೂ ಬದಿಗೆ ಕಲ್ಲು ಕೊಡಿ.